ಹಾಡದೇ ಇದ್ದಾಗಲೂ ಕುಡಿಯುವ ಕರೆಂಟು: ಮೆಮೊರಿ ಕಾರ್ಡಿನ ಡಬ್ಬಿಗೆ ಯಾವ ಆಂಪ್ಲಿಫೈಯರ್?

ಶಿರಸಿ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ದೊಡ್ಡಾಯಿಗೆ ಒಂದು ತಾಳಮದ್ದಲೆ ಡಬ್ಬಿ ಮಾಡಿಕೊಟ್ಟಿದ್ದೆ. ಒಳಗೆ ಘನಂದಾರಿ ಏನಿಲ್ಲ. ಮೈಕ್ರೋ ಎಸ್‌ಡಿ ಕಾರ್ಡಿನಿಂದ ಎಂಪಿ3 ಓದುವ ಡಿಎಫ್‌ಪ್ಲೇಯರ್ ಮಿನಿ ಬೋರ್ಡು, ಅದರ ದನಿಯನ್ನು ಸ್ಪೀಕರಿಗೆ ಸಾಕಾಗುವಷ್ಟು ದೊಡ್ಡದು ಮಾಡುವ ಒಂದು ಪಿಎಎಂ8403 ಆಂಪ್ಲಿಫೈಯರ್, 2200 ಎಂಎಎಚ್‌ನ ಒಂದು 18650 ಲಿಥಿಯಂ ಸೆಲ್ಲು, ಅದರ 3.7 ವೋಲ್ಟನ್ನು 5ಕ್ಕೆ ಏರಿಸುವ ಬೂಸ್ಟ್ ಬೋರ್ಡು, ಚಂದಕ್ಕೆ ಒಂದು ಕೆಂಪು ಎಲ್‌ಇಡಿ. ಮಳೆಗಾಲದಲ್ಲಿ ಆ ಕಡೆ ಕರೆಂಟು ಹೋಯಿತೆಂದರೆ, ಬಿದ್ದ ಮರ ಕಡಿದು ತಂತಿ ಎತ್ತಿ ಕಟ್ಟಿದ ಮೇಲೇ ಬರುವುದು. ಅಲ್ಲಿಯ ತನಕ ಡಬ್ಬಿ ಸೆಲ್ಲಿನ ಮೇಲೆ ಓಡಬೇಕು. ಕೊಟ್ಟ ಮೂರನೇ ದಿನವೇ ಫೋನು ಬಂತು: “ತಮಾ, ಇದು ಹಾಡದೇ ಇದ್ರೂ ಚಾರ್ಜು ಖಾಲಿ ಆಗ್ತಲಾ, ಎಂತಕ್ಕೆ?”

ನಾನು ಆಂಪ್ಲಿಫೈಯರ್ ಆರಿಸುವಾಗ ನೋಡಿದ್ದು ಎರಡೇ ಸಂಖ್ಯೆ: 3 ವಾಟ್, ಶೇ 90 ದಕ್ಷತೆ. ಎರಡೂ ಸುಳ್ಳಲ್ಲ. ಆದರೆ ಎರಡೂ ದೊಡ್ಡಾಯಿಯ ಅಡುಗೆಮನೆಗೆ ಸಂಬಂಧಪಟ್ಟವಲ್ಲ. ಅವಳು 3 ವಾಟಿನಲ್ಲಿ ಯಾವತ್ತೂ ಕೇಳುವುದಿಲ್ಲ. ರಾತ್ರಿ ಕೇಳುತ್ತ ಕೇಳುತ್ತ ನಿದ್ದೆ ಹೋಗುತ್ತಾಳೆ, ಪ್ರಸಂಗ ಮುಗಿದು ಡಬ್ಬಿ ಸುಮ್ಮನಾಗುತ್ತದೆ, ಸ್ವಿಚ್ಚು ಮಾತ್ರ ಬೆಳಗಿನವರೆಗೂ ಆನ್. ಅಂದರೆ ಆಂಪ್ಲಿಫೈಯರ್ ಆರಿಸಲು ಕೇಳಬೇಕಾದ ಪ್ರಶ್ನೆಗಳು ಬೇರೆಯೇ. ಸುಮ್ಮನಿದ್ದಾಗ ಎಷ್ಟು ಎಳೆಯುತ್ತದೆ? ನಾವು ನಿಜವಾಗಿ ಕೇಳುವ ಸಣ್ಣ ದನಿಯಲ್ಲಿ ಎಷ್ಟು ಎಳೆಯುತ್ತದೆ? ಈ ಬರಹದ ಹೋಲಿಕೆಯೆಲ್ಲ ಈ ಎರಡು ಪ್ರಶ್ನೆಗಳ ಮೇಲೆಯೇ.

ಆ ರಾತ್ರಿಯ ಲೆಕ್ಕ

ಸುಮ್ಮನಿದ್ದಾಗ ಎಳೆಯುವ ಕರೆಂಟಿಗೆ ಡೇಟಾಶೀಟಿನಲ್ಲಿ (ತಯಾರಕರು ಕೊಡುವ ವಿವರಪಟ್ಟಿಯಲ್ಲಿ) ಕ್ವಿಯೆಸೆಂಟ್ ಕರೆಂಟ್ ಅನ್ನುತ್ತಾರೆ. ಪಿಎಎಂ8403ಗೆ ಅದು 5 ವೋಲ್ಟಿನಲ್ಲಿ 16 ಮಿಲಿಆಂಪ್. ಡಿಎಫ್‌ಪ್ಲೇಯರ್ ಏನೂ ನುಡಿಸದೆ ಕೂತಾಗ 20 ಮಿಲಿಆಂಪ್. 1 ಕಿಲೋಓಮ್ ರೆಸಿಸ್ಟರಿನ ಹಿಂದೆ ಉರಿಯುವ ಕೆಂಪು ಎಲ್‌ಇಡಿ 3 ಮಿಲಿಆಂಪ್. ಒಟ್ಟು 39. ಆದರೆ ಇದು 5 ವೋಲ್ಟ್ ಬದಿಯ ಲೆಕ್ಕ. ಸೆಲ್ಲು ಇರುವುದು 3.7 ವೋಲ್ಟಿನಲ್ಲಿ, ಬೂಸ್ಟ್ ಬೋರ್ಡು ತನ್ನ ಪಾಲು ಮುರಿದುಕೊಳ್ಳುತ್ತದೆ. ಅದರ ದಕ್ಷತೆ ಶೇ 88 ಅಂತ ಹಿಡಿದರೂ ಸೆಲ್ಲಿನಿಂದ ಹೋಗುವುದು 60 ಮಿಲಿಆಂಪ್. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಎಂಟು ತಾಸು, 480 ಎಂಎಎಚ್. ಸೆಲ್ಲಿನ ಐದನೇ ಒಂದು ಭಾಗಕ್ಕಿಂತ ಜಾಸ್ತಿ, ಒಂದಕ್ಷರ ಹಾಡದೆ.

ಈ ಪಟ್ಟಿಯಲ್ಲಿ ಎಲ್‌ಇಡಿಯನ್ನು ಗಮನಿಸಿ. ಮುಂದೆ ಹೇಳಲಿರುವ ಮ್ಯಾಕ್ಸ್98357ಎ ಅನ್ನುವ ಆಂಪ್ಲಿಫೈಯರ್ ಐಸಿ (ಚಿಪ್ಪು) ಸುಮ್ಮನಿದ್ದಾಗ ಎಳೆಯುವುದು 2.4 ಮಿಲಿಆಂಪ್. ‘ನಾನು ಆನ್ ಇದ್ದೇನೆ’ ಅಂತ ತೋರಿಸುವ ದೀಪವೇ ಅದಕ್ಕಿಂತ ಹೆಚ್ಚು ತಿನ್ನುತ್ತದೆ. ರೆಸಿಸ್ಟರನ್ನು 10 ಕಿಲೋಓಮ್ ಮಾಡಿ. ಇವತ್ತಿನ ಎಲ್‌ಇಡಿಗಳು ಅಷ್ಟರಲ್ಲೂ ಕತ್ತಲೆ ಕೋಣೆಯಲ್ಲಿ ಕಣ್ಣಿಗೆ ಹೊಡೆಯುತ್ತವೆ.

ಎಬಿ ಮತ್ತು ಡಿ: ಪೂರ್ತಿ ವಾಲ್ಯೂಮಿನಲ್ಲಿ ಹೋಲಿಸಬೇಡಿ

ಸಣ್ಣ ಡಬ್ಬಿಗಳಲ್ಲಿ ಬರುವ ಆಂಪ್ಲಿಫೈಯರ್‌ಗಳು ಹೆಚ್ಚುಕಮ್ಮಿ ಎರಡು ಜಾತಿ. ಹಳೆಯದು ಕ್ಲಾಸ್ ಎಬಿ. ಅದು ನಲ್ಲಿ ತಿರುಪಿದ ಹಾಗೆ. ಟ್ಯಾಂಕಿಯ ಒತ್ತಡ ಅಷ್ಟೂ ಬರುತ್ತಲೇ ಇರುತ್ತದೆ, ಬೇಡದ್ದನ್ನು ನಲ್ಲಿ ತಡೆಯುತ್ತದೆ, ತಡೆದದ್ದು ಐಸಿಯ ಬೆನ್ನಲ್ಲಿ ಬಿಸಿಯಾಗಿ ಹೋಗುತ್ತದೆ. ಹೊಸದು ಕ್ಲಾಸ್ ಡಿ. ಅದು ಸ್ವಿಚ್ಚು: ಸೆಕೆಂಡಿಗೆ ಎರಡೂವರೆ-ಮೂರು ಲಕ್ಷ ಸಲ ಪೂರ್ತಿ ಆನ್, ಪೂರ್ತಿ ಆಫ್. ಆನ್ ಇರುವ ಹೊತ್ತನ್ನು ಹಿಗ್ಗಿಸಿ ಕುಗ್ಗಿಸಿ ದನಿ ಮಾಡುತ್ತದೆ, ನಡುವೆ ತಡೆದು ಸುಡುವುದು ಬಹಳ ಕಡಿಮೆ.

ಪುಸ್ತಕದಲ್ಲಿ ಎಬಿ ಜಾತಿಯ ದಕ್ಷತೆಯ ಮೇಲ್ಮಿತಿ ಶೇ 78.5 ಅಂತ ಇರುತ್ತದೆ. ಅದನ್ನು ಓದಿ ಶೇ 78ಕ್ಕೂ 90ಕ್ಕೂ ಎಷ್ಟು ಮಹಾ ವ್ಯತ್ಯಾಸ ಅನ್ನುವವರಿದ್ದಾರೆ. ನಾನೂ ಅಂದುಕೊಂಡಿದ್ದೆ. ಆ 78.5 ಸಿಗುವುದು ದನಿ ಒಡೆಯುವ ಅಂಚಿಗೆ ಏರಿಸಿದಾಗ ಮಾತ್ರ. ವಾಲ್ಯೂಮ್ ಇಳಿಸಿದಷ್ಟೂ ಎಬಿಯ ದಕ್ಷತೆಯೂ ಇಳಿಯುತ್ತದೆ.

ಒಂದು ಉದಾಹರಣೆ. 8 ಓಮ್ ಸ್ಪೀಕರು, 3.7 ವೋಲ್ಟ್ ಸೆಲ್ಲು, ಹೊರಡುವ ದನಿ 50 ಮಿಲಿವಾಟ್. (50 ಮಿಲಿವಾಟ್ ಅಂದರೆ ಕಡಿಮೆ ಅನ್ನಿಸೀತು. ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ 84 ಡೆಸಿಬೆಲ್ ಕೊಡುವ ಸಾಧಾರಣ ಸ್ಪೀಕರಿನಲ್ಲಿ ಅದು 71 ಡೆಸಿಬೆಲ್. ಎದುರುಬದುರು ಕೂತು ಆಡುವ ಮಾತು 60ರ ಹತ್ತಿರ. ಒಂದು ಕೋಣೆಗೆ ಧಾರಾಳ.) ಸ್ಪೀಕರಿನ ಎರಡೂ ತುದಿಯನ್ನು ಓಡಿಸುವ ಬ್ರಿಡ್ಜ್ ಜೋಡಣೆಯ ಎಬಿ ಐಸಿ ಇದಕ್ಕೆ ಸರಾಸರಿ 71 ಮಿಲಿಆಂಪ್ ಎಳೆಯುತ್ತದೆ. 263 ಮಿಲಿವಾಟ್ ಒಳಗೆ, 50 ಹೊರಗೆ, ದಕ್ಷತೆ ಶೇ 19. ಕ್ಲಾಸ್ ಡಿ ಐಸಿ ಶೇ 85ರಲ್ಲಿ ಓಡಿದರೂ 16 ಮಿಲಿಆಂಪ್. ಸುಮ್ಮನಿರುವಾಗಿನ ಕರೆಂಟನ್ನು ಎರಡಕ್ಕೂ ಕೂಡಿಸಿದರೆ ಎಬಿ 78, ಡಿ 18ರಿಂದ 26, ಯಾವ ಐಸಿ ಅನ್ನುವುದರ ಮೇಲೆ. 2200 ಎಂಎಎಚ್ ಸೆಲ್ಲು ಆಂಪ್ಲಿಫೈಯರ್ ಒಂದನ್ನೇ ಸಾಕುವುದಾದರೆ ಎಬಿಗೆ 28 ತಾಸು, ಡಿಗೆ 85ರಿಂದ 120 ತಾಸು. ಪೂರ್ತಿ ವಾಲ್ಯೂಮಿನಲ್ಲಿ ಹೋಲಿಸಿದ್ದರೆ ಈ ಅಂತರ ಕಾಣುತ್ತಲೇ ಇರಲಿಲ್ಲ.

ಇದು ಒಂದೇ ಸಮನೆ ಊದುವ ಶುದ್ಧ ಸ್ವರದ ಲೆಕ್ಕ. ಸಂಗೀತ, ಅದರಲ್ಲೂ ಅರ್ಥಧಾರಿಯ ಮಾತು, ಬಹಳ ಹೊತ್ತು ತಗ್ಗಿನಲ್ಲಿದ್ದು ಆಗಾಗ ಮೇಲೆ ಚಿಮ್ಮುತ್ತದೆ. ಅಲ್ಲಿ ಎಬಿಯ ಸ್ಥಿತಿ ಇನ್ನೂ ಕಷ್ಟ. ಒಂದು ಮಾತು ಎಬಿ ಕಟ್ಟಿಕೊಂಡವರಿಗೆ: 4 ಓಮ್ ಸ್ಪೀಕರ್ ತೆಗೆದು 8 ಓಮ್ ಹಾಕಿ. ಅದೇ 50 ಮಿಲಿವಾಟಿಗೆ 4 ಓಮಿನಲ್ಲಿ 100 ಮಿಲಿಆಂಪ್, 8 ಓಮಿನಲ್ಲಿ 71. ಬೋರ್ಡಿನ ಮೇಲೆ ಬರೆದ ‘3 ವಾಟ್’ ಸಿಗುವುದು 4 ಓಮಿನಲ್ಲಿ ಎಂಬ ಕಾರಣಕ್ಕೆ ಎಲ್ಲರೂ 4 ಓಮ್ ಹುಡುಕುತ್ತಾರೆ. ಸೆಲ್ಲಿನ ಡಬ್ಬಿಗೆ ಅದು ಬೇಡ.

ಕೈಗೆ ಸಿಗುವ ಐಸಿಗಳು

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ‘ಸಣ್ಣ ಆಂಪ್ಲಿಫೈಯರ್ ಬೋರ್ಡು ಕೊಡಿ’ ಅಂದರೆ ಡಬ್ಬದಿಂದ ಹೊರಬರುವುದು ಹೆಚ್ಚಾಗಿ ಇವೇ. ಸಂಖ್ಯೆಗಳು ತಯಾರಕರ ಡೇಟಾಶೀಟಿನವು. ನಕಲಿ ಐಸಿಗಳಲ್ಲಿ ಏರುಪೇರು ಇದ್ದೇ ಇರುತ್ತದೆ. ಮಲಗಿಸುವ ಪಿನ್ ಅಂದರೆ ಬೇಡದಾಗ ಐಸಿಯನ್ನು ನಿದ್ದೆಗೆ ಕಳಿಸುವ ಕಾಲು.

| ಐಸಿ | ಜಾತಿ | ಓಡುವ ವೋಲ್ಟೇಜ್ | ಸುಮ್ಮನಿದ್ದಾಗ | ಮಲಗಿಸುವ ಪಿನ್ |
|---|---|---|---|---|
| ಎಲ್‌ಎಂ386 | ಎಬಿ, ಮೋನೋ | 4–12 | 4 ಮಿ.ಆಂ. | ಇಲ್ಲ |
| ಟಿಡಿಎ2822ಎಂ | ಎಬಿ, ಸ್ಟೀರಿಯೋ | 1.8–15 | 6 ಮಿ.ಆಂ. | ಇಲ್ಲ |
| ಎಲ್‌ಎಂ4871, ಅದರ ತಮ್ಮಂದಿರಾದ 8002 | ಎಬಿ, ಬ್ರಿಡ್ಜ್ | 2–5.5 | 6.5 ಮಿ.ಆಂ. | ಇದೆ |
| ಪಿಎಎಂ8403 | ಡಿ, ಸ್ಟೀರಿಯೋ | 2.5–5.5 | 3.6 ವೋಲ್ಟಿನಲ್ಲಿ 10, 5ರಲ್ಲಿ 16 | ಇದೆ |
| ಪಿಎಎಂ8302ಎ | ಡಿ, ಮೋನೋ | 2–5.5 | 4 ಮಿ.ಆಂ. | ಇದೆ |
| ಮ್ಯಾಕ್ಸ್98357ಎ | ಡಿ, ಮೋನೋ | 2.5–5.5 | 2.4 ಮಿ.ಆಂ. | ಇದೆ |

ಎಲ್‌ಎಂ386 ನಮ್ಮಲ್ಲಿ ಎಲೆಕ್ಟ್ರಾನಿಕ್ಸ್ ಕಲಿತ ಎಲ್ಲರ ಮೊದಲ ಪ್ರೀತಿ. ಎಂಟು ಕಾಲು, ನಾಲ್ಕೈದು ಬಿಡಿಭಾಗ, ಬ್ರೆಡ್‌ಬೋರ್ಡಿನಲ್ಲೇ ಹಾಡುತ್ತದೆ. ಸುಮ್ಮನಿದ್ದಾಗ ಬರೀ 4 ಮಿಲಿಆಂಪ್. ಆದರೆ ಅದಕ್ಕೆ ಕನಿಷ್ಠ 4 ವೋಲ್ಟ್ ಬೇಕು. 4.2ರಲ್ಲಿ ಶುರುವಾಗಿ 3ರ ಕಡೆಗೆ ಇಳಿಯುವ ಒಂದು ಲಿಥಿಯಂ ಸೆಲ್ಲಿಗೆ ಕಟ್ಟಿದರೆ ಚಾರ್ಜು ತುಂಬಿದ ಮೊದಲ ಸ್ವಲ್ಪ ಹೊತ್ತು ಚೆನ್ನಾಗಿದ್ದು ಆಮೇಲೆ ಕೆಮ್ಮಲು ಶುರು ಮಾಡುತ್ತದೆ. 9 ವೋಲ್ಟಿನ ಚೌಕ ಬ್ಯಾಟರಿ ಹಾಕಿದರೆ ದನಿ ಬರುತ್ತದೆ, ಜೇಬು ಬರಿದಾಗುತ್ತದೆ. ಎರಡು ಸೆಲ್ಲು ಸರಣಿಯಲ್ಲಿದ್ದರೆ ಮಾತ್ರ ಇದನ್ನು ಯೋಚಿಸಿ.

ಟಿಡಿಎ2822ಎಂ 1.8 ವೋಲ್ಟಿನವರೆಗೂ ಇಳಿಯುತ್ತದೆ. ಪೆನ್ಸಿಲ್ ಸೆಲ್ಲು ಎರಡು ಹಾಕಿ ಇಯರ್‌ಫೋನ್ ಓಡಿಸಲು ಇದರಷ್ಟು ಸಲೀಸು ಬೇರೆ ಇಲ್ಲ. ಹಾಗೆ ನೋಡಿದರೆ ಇಯರ್‌ಫೋನಿಗೆ ಆಂಪ್ಲಿಫೈಯರ್ ಬೇಕೇ ಅನ್ನುವುದೇ ಪ್ರಶ್ನೆ. ಒಂದು ಮಿಲಿವಾಟಿಗೆ 100 ಡೆಸಿಬೆಲ್ ಕೊಡುವ ಇಯರ್‌ಫೋನಿಗೆ 80 ಡೆಸಿಬೆಲ್ ಕೇಳಲು ಸಾಕಾಗುವುದು ಮಿಲಿವಾಟಿನ ನೂರನೇ ಒಂದು ಭಾಗ. ಡಿಎಫ್‌ಪ್ಲೇಯರಿನ ಡಿಎಸಿ ಪಿನ್ನುಗಳೇ (ಆಂಪ್ಲಿಫೈಯರಿಗೆ ಹೋಗುವ ಮುಂಚಿನ ದನಿ ಹೊರಬರುವಲ್ಲಿ) ಇಯರ್‌ಫೋನನ್ನು ನೇರ ಓಡಿಸುತ್ತವೆ. ಆಂಪ್ಲಿಫೈಯರ್ ಹಾಕದೇ ಇರುವುದಕ್ಕಿಂತ ದೊಡ್ಡ ಉಳಿತಾಯ ಯಾವುದಿದೆ?

ಇನ್ನು 8002. ಇದನ್ನು ನೀವು ಬೇಕೆಂದು ಕೊಳ್ಳದಿದ್ದರೂ ಮನೆಗೆ ಬಂದಿರುತ್ತದೆ, ಡಿಎಫ್‌ಪ್ಲೇಯರ್ ಬೋರ್ಡಿನ ಮೇಲೇ ಅದು ಕೂತಿದೆ. ಎರಡು ತಂತಿ ಸ್ಪೀಕರಿಗೆ ಎಳೆದರೆ ಕೆಲಸ ಮುಗಿಯಿತು. ಬಾಗಿಲ ಗಂಟೆ, ಆಟದ ಸಾಮಾನು, ದಿನಕ್ಕೆ ಹತ್ತು ನಿಮಿಷ ಮಾತಾಡುವ ಯಂತ್ರ, ಇಂಥವಕ್ಕೆ ಬೇರೆ ಆಂಪ್ಲಿಫೈಯರ್ ಹುಡುಕುವುದೇ ದಂಡ. ದಿನಕ್ಕೆ ನಾಲ್ಕು ತಾಸು ಹಾಡುವ ಡಬ್ಬಿಗೆ ಮಾತ್ರ ಮೇಲಿನ 78 ಮಿಲಿಆಂಪ್ ಲೆಕ್ಕ ನೆನಪಿರಲಿ.

ಪಿಎಎಂ8403 ಐವತ್ತು ರೂಪಾಯಿ ಒಳಗೆ ಸಿಗುತ್ತದೆ, ವಾಲ್ಯೂಮ್ ಗುಬುಟು ಸಮೇತ ಬರುವ ಬೋರ್ಡೂ ಇದೆ. ಆ ಗುಬುಟಿನಲ್ಲೇ ಕಟಕ್ ಅನ್ನುವ ಸ್ವಿಚ್ಚಿದ್ದರೆ ಅದನ್ನೇ ಕೊಳ್ಳಿ, ಕೈಯಾರೆ ಆಫ್ ಮಾಡುವವರಿಗೆ ಅದೇ ಅತ್ಯುತ್ತಮ ಕರೆಂಟ್ ಉಳಿತಾಯ. ಈ ಐಸಿಯ ದೋಷ ಅದರ ಸ್ಟೀರಿಯೋತನವೇ. ಒಂದೇ ಸ್ಪೀಕರ್ ಕಟ್ಟಿದರೂ ಎರಡೂ ಚಾನೆಲ್ಲು ಸ್ವಿಚ್ಚಾಗುತ್ತಲೇ ಇರುತ್ತವೆ. ತಾಳಮದ್ದಲೆಯ ಹಳೇ ಕ್ಯಾಸೆಟ್ ರೆಕಾರ್ಡಿಂಗಿಗೆ ಸ್ಟೀರಿಯೋ ಯಾಕೆ ಬೇಕಿತ್ತೋ ನನಗೆ! ಒಂದು ಎಚ್ಚರಿಕೆ: ಎಡ-ಬಲ ಸ್ಪೀಕರುಗಳ ಮೈನಸ್ ತಂತಿಗಳನ್ನು ಒಂದು ಮಾಡಿ ಹೆಡ್‌ಫೋನ್ ಜ್ಯಾಕಿಗೆ ಕೊಡಬೇಡಿ. ಬ್ರಿಡ್ಜ್ ಔಟ್‌ಪುಟ್ಟಿನಲ್ಲಿ ಮೈನಸ್ ಅನ್ನುವುದು ನೆಲ (ಗ್ರೌಂಡ್) ಅಲ್ಲ, ಅದೂ ಜೀವಂತ ತಂತಿ.

ಪಿಎಎಂ8302ಎ ಅದೇ ಮನೆತನದ ಮೋನೋ ಐಸಿ. ನಾನು ಮೊದಲೇ ಹಾಕಬೇಕಿದ್ದದ್ದು ಇದು.

ಸಂಖ್ಯೆ ನೋಡಿದರೆ ಗೆಲ್ಲುವುದು ಮ್ಯಾಕ್ಸ್98357ಎ. ಆದರೆ ಅದು ಅನಲಾಗ್ ದನಿ ತೆಗೆದುಕೊಳ್ಳುವುದಿಲ್ಲ, ಐ2ಎಸ್ ಅನ್ನುವ ಡಿಜಿಟಲ್ ಸಂಕೇತವೇ ಬೇಕು. ಡಿಎಫ್‌ಪ್ಲೇಯರ್ ಬೋರ್ಡಿನ ಪಿನ್ನುಗಳಲ್ಲಿ ಅದು ಸಿಗದು. ಸಿಗಬೇಕೆಂದರೆ ಇಎಸ್‌ಪಿ32ನಂಥ ಮೈಕ್ರೋಕಂಟ್ರೋಲರ್ ಹಾಕಬೇಕು. ಅದರಲ್ಲಿ ಬ್ಲೂಟೂತನ್ನೂ ಓಡಿಸಿದಿರೋ, ನೂರು ಮಿಲಿಆಂಪಿನ ಆಸುಪಾಸು ಅದೊಂದೇ ತಿನ್ನುತ್ತದೆ. ಆಂಪ್ಲಿಫೈಯರಿನಲ್ಲಿ ಒಂದೂವರೆ ಮಿಲಿಆಂಪ್ ಉಳಿಸಲು ಹೋಗಿ ಮಿದುಳಿಗೆ ನೂರು ಕೊಟ್ಟ ಹಾಗೆ. ಹೇಗಿದ್ದರೂ ಇಎಸ್‌ಪಿ32 ಇದೆ ಅನ್ನುವವರು ಕಣ್ಣು ಮುಚ್ಚಿ ಇದನ್ನೇ ಆರಿಸಿ.

ಬೂಸ್ಟ್ ಬೋರ್ಡು ಬೇಕೇ?

ಬಹಳ ಮಂದಿ ‘ಯುಎಸ್‌ಬಿ ಅಂದರೆ 5 ವೋಲ್ಟ್’ ಅನ್ನುವ ಅಭ್ಯಾಸದಲ್ಲಿ ಬೂಸ್ಟ್ ಹಾಕುತ್ತಾರೆ. ಪಿಎಎಂ8403ಗೆ ಅದು ಮಾಡುವ ನಷ್ಟ ನೋಡಿ. ಬೂಸ್ಟ್ ಇದ್ದಾಗ ಸುಮ್ಮನಿರಲು ಸೆಲ್ಲಿನಿಂದ 24-25 ಮಿಲಿಆಂಪ್. ಬೂಸ್ಟ್ ತೆಗೆದು ಸೆಲ್ಲಿಗೇ ನೇರ ಕೊಟ್ಟರೆ 10. ಪ್ರತಿಯಾಗಿ ಕಳೆದುಕೊಳ್ಳುವುದು ಏನು? ಗರಿಷ್ಠ ಪವರ್ ವೋಲ್ಟೇಜಿನ ವರ್ಗಕ್ಕೆ ಅನುಗುಣ. 3.6ರಲ್ಲಿ ಸಿಗುವುದು 5ರಲ್ಲಿ ಸಿಗುವುದರ ಅರ್ಧ. ಅರ್ಧ ಅಂದರೆ 3 ಡೆಸಿಬೆಲ್. ಕಿವಿಗೆ ಗೊತ್ತಾಗುತ್ತದೆ, ಅಷ್ಟೇ. ಅದೂ ಪೂರ್ತಿ ವಾಲ್ಯೂಮಿನಲ್ಲಿ ಮಾತ್ರ.

ಡಿಎಫ್‌ಪ್ಲೇಯರ್ 3.2 ವೋಲ್ಟಿನಿಂದ 5ರವರೆಗೆ ಓಡುತ್ತದೆ, ಹಾಗಾಗಿ ಅದಕ್ಕೂ ಬೂಸ್ಟ್ ಬೇಡ. ಸೆಲ್ಲು 3.2ಕ್ಕೆ ಇಳಿದಾಗ ಪ್ಲೇಯರ್ ತಾನಾಗಿ ತಡವರಿಸುತ್ತದೆ. ಅದೂ ಒಳ್ಳೆಯದೇ. ಚಾರ್ಜಿಂಗ್ ಬೋರ್ಡಿನ ಮೇಲಿರುವ ಡಿಡಬ್ಲ್ಯು01 ಅನ್ನುವ ಕಾವಲು ಐಸಿ 2.4 ವೋಲ್ಟಿನ ಆಸುಪಾಸಿಗೆ ಇಳಿಯುವ ತನಕ ಕಡಿತ ಮಾಡುವುದಿಲ್ಲ. ಅಷ್ಟು ಕೆಳಗಿಳಿಸಿದರೆ ಸೆಲ್ಲಿನ ಆಯಸ್ಸು ಸವೆಯುತ್ತದೆ.

ನೇರ ಕೊಡದಿರಲು ಒಂದೇ ಒಳ್ಳೆಯ ಕಾರಣ ಇದೆ: ಅಂಗಳದಲ್ಲಿ ಭಜನೆ, ಹತ್ತಾರು ಜನ ಕೇಳಬೇಕು, ಗಟ್ಟಿ ದನಿ ಬೇಕು. ಆಗ ಬೂಸ್ಟ್ ಹಾಕಿ, ಆದರೆ ಆಂಪ್ಲಿಫೈಯರಿಗೆ ಮಾತ್ರ.

12 ವೋಲ್ಟಿನ ಸ್ಕೂಟರ್ ಬ್ಯಾಟರಿ ಇಟ್ಟು ಯುಎಸ್‌ಬಿ ಪ್ಯಾನೆಲ್ ಓಡಿಸುವವರ ಪಾಡು ಇದಕ್ಕೆ ತದ್ವಿರುದ್ಧ. ಅಲ್ಲಿ ವೋಲ್ಟೇಜ್ ಇಳಿಸುವ 7805 ರೆಗ್ಯುಲೇಟರ್ 12ರಲ್ಲಿ 7 ವೋಲ್ಟನ್ನು ಬಿಸಿ ಮಾಡಿ ಗಾಳಿಗೆ ಬಿಡುತ್ತದೆ, ದಕ್ಷತೆ ಶೇ 42. ಅದರ ಬದಲು ಸ್ವಿಚ್ಚಾಗುತ್ತ ವೋಲ್ಟೇಜ್ ಇಳಿಸುವ ಬಕ್ ಬೋರ್ಡು ಹಾಕಿ. ಆದರೆ ಎಲ್ಲರ ಕೈಯಲ್ಲಿರುವ ಎಲ್‌ಎಂ2596 ಸುಮ್ಮನಿರಲಿಕ್ಕೇ 5 ಮಿಲಿಆಂಪ್ ತೆಗೆದುಕೊಳ್ಳುತ್ತದೆ. ಎಂಪಿ1584 ಐಸಿಯ ಸ್ವಂತ ಖರ್ಚು ಮಿಲಿಆಂಪಿನ ಹತ್ತನೇ ಒಂದು ಭಾಗದಷ್ಟು, ಬೋರ್ಡೂ ಚಿಕ್ಕದು.

ರೇಡಿಯೋ ಪಕ್ಕದಲ್ಲಿದ್ದರೆ

ಕ್ಲಾಸ್ ಡಿ ಹೊಗಳಿದ್ದು ಸಾಕು, ಈಗ ಅದರ ಬಣ್ಣ. ಪಿಎಎಂ8403 ಸ್ವಿಚ್ಚಾಗುವುದು 260 ಕಿಲೋಹರ್ಟ್ಸಿನಲ್ಲಿ. ಸ್ವಿಚ್ಚಾಗುವಾಗಿನ ಗದ್ದಲ ಆ ಆವರ್ತನದ ಎರಡು, ಮೂರು ಪಟ್ಟಿನಲ್ಲೂ ಹೊರಡುತ್ತದೆ. ಅದರ ಮೂರು ಪಟ್ಟು 780. ಧಾರವಾಡ ಆಕಾಶವಾಣಿಯ ಮಧ್ಯಮ ತರಂಗ 765. ಮ್ಯಾಕ್ಸ್98357ಎ 300ರಲ್ಲಿ, ಅದರ ಎರಡು ಪಟ್ಟು 600. ಬೆಂಗಳೂರಿನ ಮಧ್ಯಮ ತರಂಗ 612. ಐಸಿಗಳ ಆವರ್ತನ ಒಂದಿಷ್ಟು ಅತ್ತಿತ್ತ ಇರುವುದು ಸಹಜವಾದ್ದರಿಂದ ಇವು ಸರಿಯಾಗಿ ಸ್ಟೇಷನ್ನಿನ ಮೇಲೇ ಕೂರಬಹುದು. ಆಗ ವಾರ್ತೆಯ ಬೆನ್ನಿಗೆ ಶಿಳ್ಳೆ. ಒಂದೇ ಡಬ್ಬಿಯಲ್ಲಿ ಎಎಂ ರೇಡಿಯೋವೂ ಬೇಕು ಅನ್ನುವವರು ಎಬಿ ಜಾತಿಯಲ್ಲೇ ಉಳಿಯುವುದು ಲೇಸು, ಬ್ಯಾಟರಿ ಸ್ವಲ್ಪ ಬೇಗ ತೀರಿದರೂ. ಎಫ್‌ಎಂ ಆದರೆ ಇಷ್ಟು ತೊಂದರೆ ಇಲ್ಲ.

ಈ ಶಿಳ್ಳೆ ಅಡಗಿಸಲು ಹೋಗಿ ನಾನೊಂದು ಪೆಟ್ಟು ತಿಂದೆ. ಸ್ಪೀಕರಿನ ಎರಡೂ ತಂತಿಯಿಂದ ನೆಲಕ್ಕೆ ಒಂದೊಂದು 104 ಕೆಪಾಸಿಟರ್, ಅಂದರೆ 0.1 ಮೈಕ್ರೋಫ್ಯಾರಡ್, ಸೋಲ್ಡರ್ ಮಾಡಿದೆ. ಹಳೇ ರೇಡಿಯೋ ರಿಪೇರಿಯ ಅಭ್ಯಾಸಬಲ. ಶಿಳ್ಳೆ ಕಡಿಮೆಯಾಯಿತು, ಜೊತೆಗೆ ಹಾಡದೇ ಇರುವ ಐಸಿ ಮುಟ್ಟಲಾರದಷ್ಟು ಬಿಸಿ. ಆಮೇಲೆ ಕಾಗದದ ಮೇಲೆ ಗುಣಿಸಿದೆ. ಪ್ರತಿ ಸ್ವಿಚ್ಚಿಗೂ ಆ ಕೆಪಾಸಿಟರ್ ತುಂಬಿ ಬರಿದಾಗಬೇಕು. 0.1 ಮೈಕ್ರೋಫ್ಯಾರಡ್, 3.6 ವೋಲ್ಟ್, ಸೆಕೆಂಡಿಗೆ 2,60,000 ಸಲ: ಒಂದೊಂದು ತಂತಿಗೂ 94 ಮಿಲಿಆಂಪ್! ಕರೆಂಟು ಉಳಿಸುವ ಐಸಿಯನ್ನು ಇಸ್ತ್ರಿಪೆಟ್ಟಿಗೆ ಮಾಡಿದ್ದೆ. ಕೆಪಾಸಿಟರ್ ಹಾಕಲೇಬೇಕೆಂದರೆ 1 ನ್ಯಾನೋಫ್ಯಾರಡ್, ಅದಕ್ಕೂ ಮೊದಲು ತಂತಿಯಲ್ಲಿ ಒಂದು ಫೆರೈಟ್ ಮಣಿ. ಎಲ್ಲಕ್ಕಿಂತ ಮೊದಲು ಸ್ಪೀಕರ್ ತಂತಿಯನ್ನು ಗೇಣುದ್ದಕ್ಕೆ ಕತ್ತರಿಸಿ. ಉದ್ದ ತಂತಿಯೇ ಏರಿಯಲ್.

ಸ್ಪೀಕರು ಬದಲಿಸಿದರೆ ಐಸಿ ಬದಲಿಸಿದ್ದಕ್ಕಿಂತ ಲಾಭ

ಆಂಪ್ಲಿಫೈಯರ್ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವವರು ಸ್ಪೀಕರನ್ನು ಮಾತ್ರ ಡಬ್ಬಿಗೆ ಹೊಂದುವ ಅಳತೆ ನೋಡಿ ತರುತ್ತಾರೆ. 84 ಡೆಸಿಬೆಲ್ ಸ್ಪೀಕರಿಗೆ 50 ಮಿಲಿವಾಟ್ ಕೊಟ್ಟಾಗ ಬರುವ ದನಿ 90 ಡೆಸಿಬೆಲ್ ಸ್ಪೀಕರಿಗೆ 12.5 ಮಿಲಿವಾಟಿನಲ್ಲೇ ಬರುತ್ತದೆ. 6 ಡೆಸಿಬೆಲ್ ಅಂದರೆ ನಾಲ್ಕು ಪಟ್ಟು. ಕ್ಲಾಸ್ ಡಿಯಲ್ಲಿ ದನಿಯ ಪಾಲಿನ ಕರೆಂಟು 16ರಿಂದ 4 ಮಿಲಿಆಂಪಿಗೆ ಇಳಿಯುತ್ತದೆ. ಎಬಿಯಲ್ಲಿ ಲಾಭ ಅರ್ಧಕ್ಕೇ ನಿಲ್ಲುತ್ತದೆ, 71ರಿಂದ 36ಕ್ಕೆ.

ಒಳ್ಳೆಯ ಸ್ಪೀಕರಿಗೆ ದುಡ್ಡೇ ಸುರಿಯಬೇಕೆಂದಿಲ್ಲ. ಅಟ್ಟದ ಮೇಲಿರುವ ಹಳೇ ರೇಡಿಯೋದ ಐದಿಂಚಿನ ಕಾಗದದ ಕೋನಿನ ಸ್ಪೀಕರ್ ತೆಗೆದು ನೋಡಿ. ಜೇಬಿನ ಬ್ಲೂಟೂತ್ ಡಬ್ಬಿಯ ರಬ್ಬರ್ ಅಂಚಿನ ಎರಡಿಂಚಿನ ಸ್ಪೀಕರು ಬೇಸ್ ಬರಲಿ ಅಂತ ಭಾರವಾದ ಕೋನು ಹೊತ್ತಿರುತ್ತದೆ. ಅದನ್ನು ಅಲುಗಿಸಲಿಕ್ಕೇ ಪವರ್ ಬೇಕು. ಹಳೇ ಸ್ಪೀಕರಿನ ಕೋನು ಹಗುರ. ಗುಂಡಿಗೆಗೆ ಬಡಿಯುವ ಬೇಸ್ ಸಿಗದು, ಮಾತು ಮಾತ್ರ ಹರಳು ಹುರಿದ ಹಾಗೆ. ಡಬ್ಬಿ ಸಣ್ಣದಿರಬೇಕು, ಬೇಸ್ ಇರಬೇಕು, ಕರೆಂಟೂ ಕಡಿಮೆ ಇರಬೇಕು ಅಂದರೆ ಮೂರರಲ್ಲಿ ಒಂದನ್ನು ಬಿಡಲೇಬೇಕು. ದೊಡ್ಡಾಯಿಗಾಗಿ ನಾನು ಸಣ್ಣತನವನ್ನೂ ಬೇಸನ್ನೂ ಒಟ್ಟಿಗೇ ಬಿಟ್ಟೆ. ಈಗಿನ ಡಬ್ಬಿ ಪ್ಲೈವುಡ್ಡಿನದು, ಸಕ್ಕರೆ ಡಬ್ಬದಷ್ಟಿದೆ.

ಸಣ್ಣ ಸ್ಪೀಕರೇ ಇರಲಿ ಅನ್ನುವವರು ಅದು ನುಡಿಸಲಾರದ ತಗ್ಗು ಸ್ವರಗಳನ್ನು ಬಾಗಿಲಲ್ಲೇ ತಡೆಯಬೇಕು. ಇನ್‌ಪುಟ್ ಕೆಪಾಸಿಟರ್ ಕಿರಿದು ಮಾಡಿದರೆ ಆಯಿತು. ಎಲ್‌ಎಂ386ರ ಇನ್‌ಪುಟ್ ತಡೆ 50 ಕಿಲೋಓಮ್. ಅಲ್ಲಿ 22 ನ್ಯಾನೋಫ್ಯಾರಡ್ ಹಾಕಿದರೆ 145 ಹರ್ಟ್ಸಿನ ಕೆಳಗಿನದು ಸೋರಿಹೋಗುತ್ತದೆ. ಮದ್ದಲೆಯ ಧೀಂಕಾರ ತುಸು ತೆಳುವಾಗುತ್ತದೆ. ಚಂಡೆಗೆ ಏನೂ ಆಗುವುದಿಲ್ಲ, ಅದನ್ನು ತಡೆಯುವ ಕೆಪಾಸಿಟರ್ ಇನ್ನೂ ಹುಟ್ಟಿಲ್ಲ.

ಕಾರ್ಡೋ ಪೆನ್‌ಡ್ರೈವೋ

ಕಾರ್ಡು. 128 ಕೆಬಿಪಿಎಸ್ ಎಂಪಿ3ಗೆ ಸೆಕೆಂಡಿಗೆ 16 ಕಿಲೋಬೈಟ್ ಸಾಕು, ಕಾರ್ಡು ಅದನ್ನು ಕಣ್ಣು ಮಿಟುಕಿಸುವುದರೊಳಗೆ ಕೊಟ್ಟು ಉಳಿದ ಹೊತ್ತು ತೂಕಡಿಸುತ್ತದೆ. ಪೆನ್‌ಡ್ರೈವಿನೊಳಗಿನ ಕಂಟ್ರೋಲರ್ ಯುಎಸ್‌ಬಿ ಸಂಪರ್ಕ ಇರುವಷ್ಟು ಹೊತ್ತೂ ಎಚ್ಚರ, ಹತ್ತಾರು ಮಿಲಿಆಂಪ್ ಖರ್ಚು, ಜೊತೆಗೆ ಅದಕ್ಕೆ 5 ವೋಲ್ಟೂ ಬೇಕು. ಹಿಡಿದರೆ ಬೆಚ್ಚಗಿರುವ ಪೆನ್‌ಡ್ರೈವಿನ ಬಿಸಿ ಬಂದದ್ದು ನಿಮ್ಮ ಸೆಲ್ಲಿನಿಂದಲೇ.

ಅಳೆಯದೆ ನಂಬಬೇಡಿ

ಅಗ್ಗದ ಹಳದಿ ಮಲ್ಟಿಮೀಟರನ್ನು 200 ಮಿಲಿಆಂಪಿಗೆ ತಿರುಗಿಸಿ ಸೆಲ್ಲಿನ ಸಾಲಿನಲ್ಲಿ ಇಟ್ಟರೆ ಎರಡು ತೊಂದರೆ. ಆನ್ ಮಾಡಿದ ಕ್ಷಣದ ಎಳೆತಕ್ಕೆ ಒಳಗಿನ ಫ್ಯೂಸ್ ಹಾರಬಹುದು. ಹಾರದಿದ್ದರೂ ಮೀಟರಿನ ಒಳತಡೆಯಲ್ಲಿ ವೋಲ್ಟೇಜು ಬಿದ್ದು ಪ್ಲೇಯರ್ ಮತ್ತೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅದರ ಬದಲು ಸೆಲ್ಲಿನ ಮೈನಸ್ ತಂತಿಯಲ್ಲಿ 1 ಓಮ್ ರೆಸಿಸ್ಟರ್ ಕೂರಿಸಿ, ಅದರ ಎರಡು ತುದಿಯ ನಡುವೆ ಮಿಲಿವೋಲ್ಟ್ ಓದಿ. ಎಷ್ಟು ಮಿಲಿವೋಲ್ಟೋ ಅಷ್ಟು ಮಿಲಿಆಂಪ್. ಮೊದಲು ವಾಲ್ಯೂಮ್ ಸೊನ್ನೆಯಲ್ಲಿ, ಆಮೇಲೆ ಮನೆಯವರು ಕೇಳುವ ದನಿಯಲ್ಲಿ.

ಮಲಗಿಸುವ ಪಿನ್

ಈಗ ದೊಡ್ಡಾಯಿಯ ರಾತ್ರಿಗೆ ಬರೋಣ. ಬೂಸ್ಟ್ ತೆಗೆದು, ಎಲ್‌ಇಡಿ ಕುಗ್ಗಿಸಿ, ಪಿಎಎಂ8302ಎ ಹಾಕಿದ ಮೇಲೆ 60 ಮಿಲಿಆಂಪ್ ಇದ್ದದ್ದು 24ಕ್ಕೆ ಬಂತು. ಅದರಲ್ಲಿ ಆಂಪ್ಲಿಫೈಯರಿನ ಪಾಲಾದ ನಾಲ್ಕನ್ನೂ ಯಾಕೆ ಬಿಡಬೇಕು? ಪಟ್ಟಿಯ ಕೊನೆಯ ನಾಲ್ಕು ಐಸಿಗಳಿಗೂ ಮಲಗಿಸುವ ಪಿನ್ ಇದೆ, ಮಲಗಿದಾಗ ಎಳೆಯುವುದು ಒಂದು ಮೈಕ್ರೋಆಂಪಿನ ಒಳಗೆ. ಡಿಎಫ್‌ಪ್ಲೇಯರಿಗೆ ‘ಬ್ಯುಸಿ’ ಅನ್ನುವ ಪಿನ್ ಇದೆ. ಹಾಡುವಾಗ ಅದರ ವೋಲ್ಟೇಜು ಕೆಳಗೆ (ಸೊನ್ನೆಯ ಹತ್ತಿರ), ಸುಮ್ಮನಾದಾಗ ಮೇಲೆ. ಎರಡನ್ನೂ ಜೋಡಿಸಿದರೆ ಹಾಡು ಮುಗಿದೊಡನೆ ಆಂಪ್ಲಿಫೈಯರ್ ತಾನೇ ಮಲಗುತ್ತದೆ.

ಜೋಡಿಸುವಾಗ ದಿಕ್ಕು ನೋಡಿಕೊಳ್ಳಿ. ಎಲ್‌ಎಂ4871ರ ಪಿನ್ ಮೇಲಿದ್ದಾಗ ಮಲಗುತ್ತದೆ, ಹಾಗಾಗಿ ಬ್ಯುಸಿಯನ್ನು ನೇರ ಕೊಡಬಹುದು. ಪಿಎಎಂ ಐಸಿಗಳು ಕೆಳಗಿದ್ದಾಗ ಮಲಗುವವು, ನಡುವೆ ತಲೆಕೆಳಗು ಮಾಡಲು ಒಂದು ಬಿಸಿ547 ಟ್ರಾನ್ಸಿಸ್ಟರ್ ಬೇಕು. ಅದರ ಬೇಸ್ ಕಾಲಿಗೊಂದು, ಕಲೆಕ್ಟರ್ ಕಾಲಿಗೊಂದು 100 ಕಿಲೋಓಮ್ ಹಾಕಿ. ಕೆಲವು ಬೋರ್ಡುಗಳಲ್ಲಿ ಈ ಪಿನ್ನಿಗೆ ಮೊದಲೇ 10 ಕಿಲೋಓಮಿನ ರೆಸಿಸ್ಟರ್ ಕಟ್ಟಿರುತ್ತಾರೆ, ಐಸಿ ಮಲಗಿದರೂ ಅದರ ಮೂಲಕ 0.37 ಮಿಲಿಆಂಪ್ ಹರಿಯುತ್ತಲೇ ಇರುತ್ತದೆ. ಐಸಿ ತಿನ್ನುವುದಕ್ಕಿಂತ ನೂರಾರು ಪಟ್ಟು. ಪಿಎಎಂ8403ರ ಅಗ್ಗದ ಬೋರ್ಡುಗಳಲ್ಲಿ ಪಿನ್ನನ್ನೇ ಹೊರತಂದಿರುವುದಿಲ್ಲ, ಐಸಿಯ 12ನೇ ಕಾಲನ್ನು ಸೂಜಿಯಲ್ಲಿ ಎತ್ತಿ ತಂತಿ ಬೆಸೆಯಬೇಕು. ಕಣ್ಣು ಚೆನ್ನಾಗಿರುವವರ ಕೆಲಸ ಅದು. ಪ್ಲೇಯರಿನ ಸ್ವಂತ 20 ಮಿಲಿಆಂಪ್ ಉಳಿಸಬೇಕಾದರೆ ಇಡೀ ಡಬ್ಬಿಯ ಕರೆಂಟನ್ನೇ ಸ್ವಿಚ್ಚಿನಂತೆ ಕಡಿಯುವ ಪಿ-ಚಾನೆಲ್ ಮಾಸ್‌ಫೆಟ್ ಬೇಕು. ಅದನ್ನು ಈ ದೀಪಾವಳಿಗೆ ಊರಿಗೆ ಹೋದಾಗ ಹಾಕುವವನಿದ್ದೇನೆ.

ಇಷ್ಟೆಲ್ಲ ಮಾಡಿ ಕಳಿಸಿದ ಮೇಲೆ ಮತ್ತೆ ಫೋನು ಬಂತು. ಚಾರ್ಜಿನ ದೂರಿಲ್ಲ. “ಭಾಗವತರ ಮೊದಲ ಅಕ್ಷರ ಎಲ್ಲಿ ಹೋತು ತಮಾ?” ಮಲಗಿದ ಐಸಿ ಏಳಲು ಒಂದು ಗಳಿಗೆ ಬೇಕು, ಅಷ್ಟರಲ್ಲಿ ಪದ್ಯ ಶುರುವಾಗಿರುತ್ತದೆ. ಇದಕ್ಕೆ ಸರ್ಕ್ಯೂಟಿನಲ್ಲಿ ಮದ್ದು ಹುಡುಕುವ ಬದಲು ಆಡಾಸಿಟಿ ಅನ್ನುವ ದನಿ ತಿದ್ದುವ ತಂತ್ರಾಂಶದಲ್ಲಿ ಪ್ರತಿ ಫೈಲಿನ ಮುಂದೆ ಅರ್ಧ ಸೆಕೆಂಡ್ ಮೌನ ಅಂಟಿಸುತ್ತಿದ್ದೇನೆ. ಕಾರ್ಡಿನಲ್ಲಿ ಇನ್ನೂ ಅರ್ಧದಷ್ಟು ಪ್ರಸಂಗ ಬಾಕಿ ಇವೆ.